ಸುದ್ದಿಕೋಲು

ಕರೇಕಣಿವೆ, ಕೂಡ್ಲಿಗಿ ತಾಲ್ಲೂಕು
14 ಜನವರಿ 2024

ಮಗನೇ ಮೌನೇಶ,

ಯಾವ ದೇವರ ಹೆಸರನ್ನೂ ತಲೆಯ ಮೇಲೆ ಹೊರದೆ ನನ್ನ ಪತ್ರ ಶುರುವಾಗುತ್ತದೆ, ಅದು ನಿನಗೆ ಗೊತ್ತು. ನಾವಿಲ್ಲಿ ಬದುಕಿದ್ದೇವೆ. ನೀನೂ ಬದುಕಿರು. ಕ್ಷೇಮಸಮಾಚಾರ ಇಷ್ಟೇ.

ನೀನು ಫೋನ್ ಮಾಡಿದಾಗ ನಿಮ್ಮವ್ವ ಮಾತಾಡುತ್ತಾಳೆ, ನಾನು ಅವಳ ಬಾಯಿ ನೋಡುತ್ತ ಕೂತಿರುತ್ತೇನೆ. ಕಿವಿ ಹೋದ ಮೂವತ್ತು ವರ್ಷದಿಂದ ಮಂದಿಯ ತುಟಿ ನೋಡಿಯೇ ಮಾತು ತಿಳಿದವನು ನಾನು. ಫೋನಿಗೆ ತುಟಿ ಇಲ್ಲವಲ್ಲ. ಮೆಸೇಜು ಓದು ಅಂತ ನಿಮ್ಮಕ್ಕ ಯಶೋಧಾ ಹೇಳುತ್ತಾಳೆ. ಆ ಗಾಜಿನೊಳಗೆ ಎಲ್ಲರ ಅಕ್ಷರವೂ ಒಂದೇ. ಕೈಬರಹ ಹಾಗಲ್ಲ. ನಿನ್ನ ಸಾಲು ಕೆಳಕ್ಕೆ ಬಾಗಿದ್ದರೆ ನೀನು ಸೊರಗಿದ್ದೀಯ ಅಂತ ತಿಳಿಯುತ್ತದೆ. ಅದಕ್ಕೇ ಪತ್ರ ಬರಿ.

ನಿನ್ನನ್ನು ಸೈನ್ಯದ ಓಟದ ತಂಡಕ್ಕೆ ಆರಿಸಿದರಂತೆ. ನಿಮ್ಮವ್ವ ಓಣಿಗೆಲ್ಲ ಬೆಲ್ಲ ಹಂಚಿದಳು. ಕೈಯಿಂದ ಕೈಗೆ ಕೋಲು ಕೊಟ್ಟು ಓಡುವ ಓಟ ಅಂತ ಅವಳು ಅಂಗಳದಲ್ಲಿ ಓಡಿ ತೋರಿಸಿದಾಗ ನಗು ಬಂತು, ಆಮೇಲೆ ಕೋಲು ಅನ್ನುವ ಮಾತಿಗೆ ನಗು ನಿಂತಿತು. ನಮ್ಮ ಮನೆಯಲ್ಲಿ ಕೋಲು ಹಿಡಿದು ಓಡಿದವರ ಕಥೆ ನಿನಗೆ ಅರ್ಧ ಗೊತ್ತು. ಉಳಿದರ್ಧ ನಾನು ಹೇಳಿಲ್ಲ.

ನೀನು ಹೊರಟ ದಿನ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ನಾನು ಕೇಳಿದ್ದು ಒಂದೇ ಮಾತು, ನೆನಪಿದೆಯೇ? "ಗುಂಡಿಗೆ ಎದಿ ಕೊಡ್ತೀಯೋ ಬೆನ್ನು ಕೊಡ್ತೀಯೋ ನಿನಗ ಬಿಟ್ಟಿದ್ದು. ಯಾರದ್ದೂ ಸಾವಿನ ಸುದ್ದಿ ಮಾತ್ರ ಒಯ್ಯಬ್ಯಾಡ. ನನ್ನ ರಕ್ತ ಆ ಕೆಲಸ ಇನ್ನ ಮಾಡಂಗಿಲ್ಲ." ನೀನು ನಕ್ಕೆ. "ಎಲ್ಲಾರ ಕೈಯಾಗೂ ಫೋನ್ ಐತಿ, ನಮ್ಮನ್ಯಾರು ಕಳಸ್ತಾರ ಬಿಡಪ್ಪ" ಅಂದೆ.

ಓಡು. ಯಾರ ಮುಂದೆಯೂ ಓಡು. ಯಾರ ಅಪ್ಪಣೆಗೂ ಓಡಬೇಡ ಅನ್ನೋಣವೆಂದರೆ ಸಿಪಾಯಿಗೆ ಅದು ಆಗದ ಮಾತು. ಆ ಸಂಕಟ ನನಗೆ ಇದ್ದೇ ಇದೆ.

ಜೈಭೀಮ್.
ನಿನ್ನಪ್ಪ,
ಗಾದೆಪ್ಪ


ಕ್ರೀಡಾ ಶಿಬಿರ
4 ಫೆಬ್ರವರಿ 2024

ಅಪ್ಪಾ,

ಸಾಲು ನೆಟ್ಟಗೆ ಬರಲಿ ಅಂತ ಕೆಳಗೆ ಗೆರೆಯ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀನು ಹುಡುಕಿದರೂ ಏನೂ ಸಿಗಬಾರದು.

ನಮ್ಮ ಓಟ ಹೀಗಿದೆ. ನಾಲ್ಕು ಮಂದಿ. ಒಬ್ಬೊಬ್ಬರಿಗೆ ಎರಡೆರಡು ಕಿಲೋಮೀಟರು, ಗುಡ್ಡ, ಹಳ್ಳ, ಮರಳಿನ ಮೇಲೆ. ಒಬ್ಬ ತನ್ನ ಪಾಲು ಓಡಿ ಮುಗಿಸಿ ಗೇಣುದ್ದದ ಕೋಲನ್ನು ಮುಂದಿನವನ ಕೈಗೆ ಕೊಡಬೇಕು. ಇಲ್ಲಿ ಬ್ಯಾಟನ್ ಅಂತಾರೆ. ಒಬ್ಬ ಹರಿಯಾಣದವನು, ಒಬ್ಬ ಗಢವಾಲಿನವನು, ಮೂರನೆಯವನು ಬೀರಲಿಂಗೇಶ, ಕೊನೆಯವನು ನಾನು.

ಬೀರ ಹರಪನಹಳ್ಳಿ ತಾಲ್ಲೂಕಿನವನು. ಉಚ್ಚಂಗಿದುರ್ಗದ ಗುಡ್ಡದ ಆಚೆ ಹಟ್ಟಿ. ಕುರುಬರ ಹುಡುಗ, ಕುರಿಯ ಹಿಂದೆ ಓಡಿ ಕಲಿತ ಕಾಲು. ಇಡೀ ಶಿಬಿರದಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಮೊದಲ ದಿನ ಕೇಳಿದ, "ಯಾವೂರಲೇ?" ಕೂಡ್ಲಿಗಿ ಅಂದೆ. "ಅದಕ್ಕಾ ಮುಖದ ಮ್ಯಾಲ ಮಳಿ ಬಿದ್ದಂಗಿಲ್ಲ." ನಾನೂ ಬಿಡಲಿಲ್ಲ. "ನಿಮ್ಮ ಹರಪನಳ್ಳ್ಯಾಗ ಸಮುದ್ರ ಹರಿತೈತಿ ನೋಡು!" ಅವತ್ತಿನಿಂದ ಒಂದೇ ತಟ್ಟೆ. ಅವರವ್ವ ಜಂಬಮ್ಮ ಕೊಟ್ಟ ಕರಿ ಕಂಬಳಿಯನ್ನು ಈ ಉರಿ ಊರಿನಲ್ಲೂ ಹಾಸಿಕೊಳ್ಳುತ್ತಾನೆ. ತಂದೆ ಇಲ್ಲ, ಅಣ್ಣತಮ್ಮ ಇಲ್ಲ. ಆ ತಾಯಿಗೆ ಇವನೊಬ್ಬ.

ಕೋಲು ತಗೊಳ್ಳುವಾಗ ಎಲ್ಲರೂ ತಿರುಗಿ ನೋಡುತ್ತಾರೆ. ನಾನು ನೋಡುವುದಿಲ್ಲ. ಬೀರನ ಬಲಗಾಲು ನೆಲಕ್ಕೆ ಸ್ವಲ್ಪ ಜೋರಾಗಿ ಬೀಳುತ್ತದೆ. ಆ ಸಪ್ಪಳ ಹತ್ತು ಮಾರು ಹತ್ತಿರ ಬಂದ ಕೂಡಲೇ ಓಡಲು ಶುರು ಮಾಡಿ ಕೈ ಹಿಂದಕ್ಕೆ ಚಾಚುತ್ತೇನೆ. ಕೋಲು ಅಂಗೈಗೆ ಬಂದಿರುತ್ತದೆ. ನಮ್ಮ ಕೋಚ್ ಸುಬೇದಾರ್ ಸಾಹೇಬರು ತಲೆ ಅಲ್ಲಾಡಿಸುತ್ತಾರೆ, ಬಯ್ಯುವುದಿಲ್ಲ.

ಒಂದು ಮಾತು ಅವ್ವನಿಗೆ ಹೇಳಬೇಡ. ನಾವು ನಾಲ್ವರೂ ನಾಲ್ಕು ವರ್ಷದ ಸಿಪಾಯಿಗಳು. ಅವಧಿ ಮುಗಿದಾಗ ನಾಲ್ವರಲ್ಲಿ ಒಬ್ಬನನ್ನು ಉಳಿಸಿಕೊಂಡು ಮೂವರನ್ನು ಮನೆಗೆ ಕಳಿಸುತ್ತಾರೆ. ಓಟದಲ್ಲಿ ಹೆಸರು ಮಾಡಿದವನು ಉಳಿಯಬಹುದು ಅನ್ನುವುದು ಎಲ್ಲರ ಆಸೆ. ಬೀರ ಅದನ್ನೂ ತಮಾಷೆ ಮಾಡುತ್ತಾನೆ. "ಕೋಲೂ ನಿನಗಾ ಕೊಡ್ಬೇಕು, ನೌಕರಿನೂ ನಿನಗಾ ಕೊಟ್ಟು ಹೋಗ್ಬೇಕೇನಲೇ?"

ಆ ಉಳಿದರ್ಧ ಕಥೆ ಬರಿ.

ನಿನ್ನ ಮಗ,
ಮೌನೇಶ


ಕರೇಕಣಿವೆ
2 ಮಾರ್ಚ್ 2024

ಮಗನೇ,

ಗೆರೆಯ ಹಾಳೆ ಇಟ್ಟರೂ ನೌಕರಿಯ ಮಾತು ಬಂದಲ್ಲಿ ನಿನ್ನ ಅಕ್ಷರ ಸಣ್ಣಗಾಗಿವೆ. ಇರಲಿ. ಕೇಳಿದ್ದನ್ನು ಹೇಳುತ್ತೇನೆ.

ಈ ಊರಿನ ಉಳ್ಳವರ ಮನೆಯಲ್ಲಿ ಹೆಣ ಬಿದ್ದರೆ ಮೊದಲ ಕೂಗು ನಮ್ಮ ಕೇರಿಗೆ ಬರುತ್ತಿತ್ತು. ಅಳುವುದು ಅವರು, ಓಡುವುದು ನಾವು. ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಕೆಲಸ. ಕೈಯಲ್ಲಿ ಬೇವಿನ ಮೋಟುಕೋಲು ಇರಬೇಕು. ಅದಕ್ಕೆ ಸುದ್ದಿಕೋಲು ಅಂತಿದ್ದರು. ಯಾರಾದರೂ ಅಂಥ ಕೋಲು ಹಿಡಿದು ಬರುವುದು ಕಂಡರೆ ಜನ ಹಾದಿ ಬಿಡುತ್ತಿದ್ದರು, ಹೆಂಗಸರು ಅಲ್ಲಿಂದಲೇ ಎದೆ ಬಡಿದುಕೊಳ್ಳುತ್ತಿದ್ದರು. ಹೊಸ್ತಿಲ ಹೊರಗೆ ನಿಂತು ಸತ್ತವರ ಹೆಸರು ಹೇಳಬೇಕು. ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಾರೆ, ಟವೆಲ್ಲಿಗೆ ಒಂದು ಸೇರು ಜೋಳ ಸುರಿಯುತ್ತಾರೆ. ಆ ಜೋಳ ತಗೊಳ್ಳದೆ ನಾವು ಹೋದರೆ ಸತ್ತವರಿಗೆ ಗತಿ ಇಲ್ಲವಂತೆ! ಎಂಥ ಜಾಣ ಕಟ್ಟು ನೋಡು. ಅವರ ಸ್ವರ್ಗದ ಬೀಗದಕೈಯನ್ನು ನಮ್ಮ ಹಸಿವಿಗೆ ಕಟ್ಟಿಬಿಟ್ಟಿದ್ದರು.

ನಿಮ್ಮ ತಾತ ಇಲ್ಲಿಂದ ಹೂವಿನಹಡಗಲಿಯ ಆಚೆಯ ಹೊಳಲಿಗೆ ಒಂದೇ ಹಗಲಿನಲ್ಲಿ ಓಡಿದವನು, ಬರಿಗಾಲಲ್ಲಿ. "ಏನ್ ಕಾಲಪ್ಪಾ ಅವನ್ವು" ಅಂತ ಊರು ಹೊಗಳುತ್ತಿತ್ತು. ಅವನ ಅಂಗಾಲಿನ ಸೀಳಿನಲ್ಲಿ ನಾಲ್ಕಾಣೆ ನಿಲ್ಲುತ್ತಿತ್ತು. ಹೊಗಳಿಕೆಯನ್ನು ಗಾಯಕ್ಕೆ ಹಚ್ಚಲು ಬರುತ್ತದೆಯೇ?

1993. ಸಾಕ್ಷರತೆಯವರು ಬಂದು ನನಗೆ ಅಕ್ಷರ ಕಲಿಸಿದ್ದರು. ದಲಿತ ಸಂಘದವರು ಬಂದು ಆ ಅಕ್ಷರಕ್ಕೆ ಬೆನ್ನುಮೂಳೆ ಕೊಟ್ಟಿದ್ದರು. ಆ ಬೇಸಿಗೆಯಲ್ಲಿ ಗೌಡನ ತಾಯಿ ಸತ್ತಳು. ಹೂವಿನಹಡಗಲಿಗೆ ಕೊಟ್ಟ ಆಕೆಯ ಮಗಳು ಶಾಂತಕುಮಾರಿಗೆ ಸುದ್ದಿ ಮುಟ್ಟಿಸು ಅಂತ ಕೋಲು ನನ್ನ ಕೈಗೆ ತುರುಕಿದರು. ನಾನು ಒಲ್ಲೆ ಅಂದೆ. ಚಾವಡಿಯ ಮುಂದೆ, ಎಲ್ಲರ ಕಣ್ಣೆದುರು, ಅಪ್ಪ ತಾತ ಹಿಡಿದ ಆ ಕೋಲಿಗೆ ಸೀಮೆಎಣ್ಣೆ ಹಾಕಿ ಸುಟ್ಟೆ. ಎರಡು ದಿನ ಹೊಡೆದರು. ಎಡಗಿವಿ ಅಲ್ಲೇ ಹೋಯಿತು, ಬಲಗಿವಿ ಕೀವಾಗಿ ಹೋಯಿತು. ಕೊನೆಗೆ ಕೇಳಿದ ಸದ್ದು ನಿಮ್ಮವ್ವ ಅಂಜಿನಕ್ಕನ ಕೂಗು.

ಶಾಂತಕುಮಾರಿ ಬಂದದ್ದು ಮೂರನೆಯ ದಿನ. ತಾಯಿ ಮಣ್ಣಲ್ಲಿದ್ದಳು. ಆಕೆ ನಮ್ಮ ಓಣಿಯ ಬಾಯಿಗೆ ಬಂದು ನಿಂತು, ಬಾತ ನನ್ನ ಮುಖ ನೋಡಿ, ತಿರುಗಿ ಹೋದಳು.

ನನಗೆ ಪಶ್ಚಾತ್ತಾಪ ಇಲ್ಲ. ಬರೆದಿಟ್ಟುಕೋ: ಇಲ್ಲ.

ನಿನ್ನಪ್ಪ,
ಗಾದೆಪ್ಪ


ಕ್ರೀಡಾ ಶಿಬಿರ
21 ಏಪ್ರಿಲ್ 2024

ಅಪ್ಪಾ,

ನಿನ್ನ ಪತ್ರವನ್ನು ಬೀರನಿಗೆ ಓದಿ ಹೇಳಿದೆ. ಆಮೇಲೆ ಅಂದ, "ನಮ್ಮ ಹಟ್ಟಿಗೂ ಹಂಗಾ ಬರ್ತಿದ್ರು ಕಣಲೇ. ನಮ್ಮಜ್ಜಿ ನೀರು ಹೊಯ್ಯೋದು ನಾನು ನೋಡೀನಿ. ಯಾಕ್ ಹಂಗ ಮ್ಯಾಲಿಂದ ಹೊಯ್ತಾಳ ಅಂತ ಕೇಳ್ಲೇ ಇಲ್ಲ." ಅವತ್ತು ಊಟದ ಹೊತ್ತಿಗೆ ನನ್ನ ಲೋಟ ತಗೊಂಡು ಬೇಕಂತಲೇ ಎಂಜಲು ಮಾಡಿ ಕುಡಿದ. ಅವನ ಕ್ಷಮಾಪಣೆ ಅದೇ ಥರ.

ಮೇ 19ಕ್ಕೆ ಪರೀಕ್ಷೆಯ ಓಟ. ಹನ್ನೆರಡು ಕಿಲೋಮೀಟರು. ಹನ್ನೊಂದು ಮಂದಿಯಲ್ಲಿ ಮೊದಲ ನಾಲ್ವರು ತಂಡದಲ್ಲಿ ಉಳಿಯುತ್ತಾರೆ. ನವೆಂಬರಿಗೆ ದೊಡ್ಡ ಸ್ಪರ್ಧೆ. ಇಲ್ಲಿ ಬೆಳಿಗ್ಗೆ ಏಳಕ್ಕೇ ನೆಲ ಕಾದ ಹಂಚು. ಬೀರನ ಮೈ ಯಾಕೋ ನೆಟ್ಟಗಿಲ್ಲ. ಕಂಬಳಿ ಹೊದ್ದು ನಡುಗುತ್ತಾನೆ, ಬೆಳಿಗ್ಗೆ ಎದ್ದು ಎಲ್ಲರಿಗಿಂತ ಮುಂದೆ ಓಡುತ್ತಾನೆ. "ಕುರಿಗೆ ಬರೋ ಜ್ವರ, ಕುರುಬಗ ಏನ್ ಮಾಡ್ತೈತಿ" ಅಂತ ನಗುತ್ತಾನೆ.

ಇಬ್ಬರೂ ಗೆದ್ದರೆ ಡಿಸೆಂಬರಿಗೆ ರಜೆ. ಅವನನ್ನು ನಮ್ಮ ಮನೆಗೆ ಕರೆತರುತ್ತೇನೆ.

ನಿನ್ನ ಮಗ,
ಮೌನೇಶ


ಕ್ರೀಡಾ ಶಿಬಿರ
3 ಜೂನ್ 2024

ಅಪ್ಪಾ,

ಬೀರ ಹೋದ.

ಮೇ 19ರ ಓಟದಲ್ಲಿ ಹತ್ತನೆಯ ಕಿಲೋಮೀಟರಿನಲ್ಲಿ ಬಿದ್ದ. ನಾನು ಮುಂದಿದ್ದೆ. ಹಿಂದಿನಿಂದ ಅವನ ಕಾಲಿನ ಸಪ್ಪಳ ಬರುತ್ತಲೇ ಇತ್ತು, ಒಮ್ಮೆಲೇ ನಿಂತಿತು. ನಾನು ನಿಲ್ಲಲಿಲ್ಲ. ಮುಗಿಸಿ ವಾಪಸು ಓಡಿ ಬರುವಷ್ಟರಲ್ಲಿ ಅವನನ್ನು ಗಾಡಿಗೆ ಹಾಕಿದ್ದರು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಜೀವ ಹೋಯಿತು. ಕಾವು ತಲೆಗೇರಿತು ಅಂತ ಡಾಕ್ಟರು ಅಂದರು. ನಾನು ಎರಡನೆಯವನಾಗಿ ಬಂದಿದ್ದೆ.

ಮೈಯನ್ನು ಊರಿಗೆ ತಲುಪಿಸಲು ಜೊತೆಗೆ ನನ್ನನ್ನು ಕಳಿಸಿದರು. ಹೊರಡುವಾಗ ಸುಬೇದಾರ್ ಸಾಹೇಬರು ತಂಡದ ಬ್ಯಾಟನ್ನನ್ನು ನನ್ನ ಕೈಗಿಟ್ಟರು. ಇದು ಅವನ ತಾಯಿಗೆ ಅಂದರು. ಆ ಮನುಷ್ಯ ಅತ್ತದ್ದು ನಾನು ಅವತ್ತೇ ನೋಡಿದ್ದು.

ಊರಿಗೆ ಫೋನು ಮೊದಲೇ ಹೋಗಿತ್ತು. ಬೀರನ ಸೋದರಮಾವ ಪಾಲಾಕ್ಷಪ್ಪನಿಗೆ ಗೊತ್ತಿತ್ತು. ಆದರೆ ಅವನು ತನ್ನ ತಂಗಿಗೆ ಮಗನಿಗೆ ಜ್ವರ ಅಂತಷ್ಟೇ ಹೇಳಿದ್ದ. ನಾವು ಹರಪನಹಳ್ಳಿ ಮುಟ್ಟಿ ಕಾಗದಪತ್ರಕ್ಕೆ ಗಾಡಿ ನಿಲ್ಲಿಸಿದಾಗ ಅವನ ಫೋನು ಬಂತು. "ಸಾಹೇಬ್ರ, ಗಾಡಿ ಬರೋದ್ರೊಳಗ ನೀವಾರ ಮುಂದ ಬಂದು ಹೇಳ್ರಿ. ನನ್ನ ಬಾಯಾಗ ಬರವಲ್ದು. ನೀವು ಮಿಲ್ಟ್ರಿಯೋರು." ಆ ಕ್ಷಣಕ್ಕೆ ನಿನ್ನ ಮಾತು ನೆನಪಾಯಿತು ಅಪ್ಪಾ. ಆದರೂ ಹೋದೆ. ಆ ತಾಯಿ ಪೆಟ್ಟಿಗೆ ನೋಡಿ ತಿಳಿಯುವುದಕ್ಕಿಂತ ಮನುಷ್ಯನ ಬಾಯಿಂದ ತಿಳಿಯಲಿ ಅನ್ನಿಸಿತು.

ಬಸ್ಸಿಳಿದು ಹಟ್ಟಿಗೆ ಒಂದು ಮೈಲಿ ಮಣ್ಣಿನ ಹಾದಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ಮೈ ಹುಷಾರಿಲ್ಲ ಅನ್ನಬೇಕು, ಆಮೇಲೆ ಆಸ್ಪತ್ರೆ ಅನ್ನಬೇಕು, ಕೂರಿಸಿ ನೀರು ಕುಡಿಸಿ ಉಳಿದದ್ದು ಹೇಳಬೇಕು. ಬ್ಯಾಗು ಗಾಡಿಯಲ್ಲಿತ್ತು. ಬ್ಯಾಟನ್ ಕೈಯಲ್ಲಿತ್ತು.

ನನಗೆ ಹೊಳೆಯಲೇ ಇಲ್ಲ. ನಿನ್ನ ಪತ್ರ ಓದಿದ್ದ ನನಗೆ, ನಿನ್ನ ಮಗನಿಗೆ, ಹೊಳೆಯಲೇ ಇಲ್ಲ.

ಹುಣಸೆಮರದ ಕೆಳಗೆ ಕೂತಿದ್ದ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಒಬ್ಬನೇ ಬರುತ್ತಿದ್ದಾನೆ, ಕೈಯಲ್ಲಿ ಮೋಟುಕೋಲು. ಆಕೆ ಎದ್ದು ನಿಂತು ಕಿರುಚಿದಳು, "ಸುದ್ದಿಯಾಂವ ಬಂದನ್ರವ್ವೋ!" ಹಟ್ಟಿಯ ಬಾಗಿಲುಗಳೆಲ್ಲ ತೆರೆದವು. ಕುರಿದೊಡ್ಡಿಯಿಂದ ಒಬ್ಬ ಹೆಂಗಸು ಗೊಬ್ಬರದ ಕೈಯಲ್ಲೇ ಓಡಿ ಬಂದಳು. ಬೀರನದೇ ಮೂಗು, ಬೀರನದೇ ಹುಬ್ಬು. "ಯಾರದಪ್ಪಾ? ಯಾರ ಸುದ್ದಿ ತಂದೀ?" ಅಂದಳು. ಆಮೇಲೆ ನನ್ನ ಸಮವಸ್ತ್ರ ನೋಡಿದಳು.

ನಾನು ಒಂದು ಮಾತೂ ಹೇಳಲಿಲ್ಲ. ಕೋಲು ಹೇಳಿಬಿಟ್ಟಿತ್ತು.

ಮಣ್ಣಾದ ಮೇಲೆ ಪಾಲಾಕ್ಷಪ್ಪ ಹತ್ತಿರ ಬಂದು, "ಯಾವೂರು? ಯಾರ ಪೈಕಿ?" ಅಂದ. ನಾನು ಮುಚ್ಚಿಡಲಿಲ್ಲ. "ಕೂಡ್ಲಿಗಿ ಕಡೆ ಕರೇಕಣಿವಿ. ಸುದ್ದಿ ಒಯ್ಯೋರ ಪೈಕಿ" ಅಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಮೊರದಲ್ಲಿ ಒಂದು ಸೇರು ಜೋಳ ತಂದು ನನ್ನ ಮುಂದಿಟ್ಟ. ನಾನು ಎದ್ದು ನಿಂತೆ, ಒಲ್ಲೆ ಅಂದೆ. ನಿನ್ನ ಹಾಗೆಯೇ ಅಂದೆ ಅಪ್ಪಾ. ಆಗ ಜಂಬಮ್ಮ ಬಂದಳು. ಮೊರವನ್ನು ತಾನೇ ಎತ್ತಿಕೊಂಡಳು. "ತಗಳಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಕೂಸು ಹಾದ್ಯಾಗ ನಿಂತ್ಕಂಡೀತು. ಅದಕ್ಕ ಗತಿ ಆಗಂಗಿಲ್ಲ." ಕಾಲಿಗೆ ಬೀಳಲು ಬಗ್ಗಿಯೇ ಬಿಟ್ಟಳು.

ಟವೆಲ್ ಹಾಸಿದೆ. ತಗೊಂಡೆ.

ಅದನ್ನು ಚೆಲ್ಲಲು ಕೈ ಬರಲಿಲ್ಲ, ಹೊತ್ತು ತರಲು ಮುಖ ಇರಲಿಲ್ಲ. ಮನೆಗೆ ಬರದೆ ತಿರುಗಿ ಹೋದದ್ದು ಅದಕ್ಕೇ. ಗಂಟು ಕಟ್ಟಿ ಕೊಟ್ಟೂರಿನ ಬಸ್ ಕಂಡಕ್ಟರನ ಕೈಲಿ ಅಲ್ಲಿರುವ ಅಕ್ಕನಿಗೆ ಕಳಿಸಿದೆ. "ಜೋಳ ಕಳಿಸೀನಿ, ಇಳಿಸ್ಕೊಂಡು ಮನಿಗೆ ಮುಟ್ಟಿಸು" ಅಂತ ಫೋನಲ್ಲಿ ಅಂದೆ. ಎಂಥ ಜೋಳ ಅಂತ ನನ್ನ ಬಾಯಲ್ಲೂ ಬರಲಿಲ್ಲ. ಆಮೇಲೆ ಈ ಕಾಗದ ಬರೆಯಲು ಹತ್ತು ದಿನ ಹಿಡಿಯಿತು. ಆ ಜೋಳವನ್ನು ತಿನ್ನಬೇಡಿ, ಬಿತ್ತಬೇಡಿ. ನಾನು ಬರುವ ತನಕ ಮೂಲೆಯಲ್ಲಿಡಿ.

ಮೌನೇಶ


ಕರೇಕಣಿವೆ
22 ಜೂನ್ 2024

ತಮ್ಮಾ ಮೌನೇಶ,

ನಾನು ನಿಮ್ಮಕ್ಕ ಯಶೋಧಾ ಬರಿಯಾಕತ್ತೀನಿ. ಅಪ್ಪ ಬರಿಯಂಗಿಲ್ಲ ಅಂದಾನ. ಅಂದಾನ ಅಂದ್ರ ಬಾಯಿಲೆ ಅಂದಿಲ್ಲ, ಪೆನ್ನು ಕೊಟ್ರ ದೂಡಿದ.

ನಿನ್ನ ಜೋಳ ಬಂದ ಮರುದಿನಾನ ಊರಿಗೆ ತಂದು ಅವ್ವಗ ಕೊಟ್ಟೆ. ಮಗ ಕಳಿಸಿದ ಜೋಳ ಅಂತ ಅವ್ವ ಹಿಗ್ಗಿ ಬೀಸಿಸಿ ರೊಟ್ಟಿ ಬಡಿದಳು. ಅಪ್ಪ ಬದನಿಕಾಯಿ ಪಲ್ಯದ ಜೋಡಿ ಮೂರು ರೊಟ್ಟಿ ತಿಂದ. "ಈ ಜ್ವಾಳ ಬಾಳ ಸವಿ ಐತಿ, ಎಲ್ಲೀದು?" ಅಂತ ಕೇಳಿದ. ಮಗ ಕಳಿಸ್ಯಾನ ಅಂತ ಅವ್ವ ಕೈಮಾಡಿ ಹೇಳಿದಳು. ಎರಡು ದಿನ ಅದಾ ಹಿಟ್ಟು ತಿಂದ್ವಿ.

ನಿನ್ನ ಕಾಗದ ಬಂದಾಗ ನಾನು ಇಲ್ಲೇ ಇದ್ದೆ. ಅಪ್ಪ ಓದಿದ. ಮತ್ತೊಮ್ಮೆ ಓದಿದ. "ಆ ಜ್ವಾಳ ಎಲ್ಲೈತಿ?" ಅಂದ. ಅವ್ವ ಖಾಲಿ ಡಬ್ಬಿ ತೋರಿಸಿದಳು. ಮೂವತ್ತು ವರ್ಷದ ಹಿಂದ ಹೊಡಿಸ್ಕೊಂಡಾಗೂ ಈ ಮನುಷ್ಯ ಅತ್ತಿದ್ದಿಲ್ಲಂತ. ಕಾಗದ ಓದಿ ಎದ್ದಾಂವ ಚಾವಡಿ ಮುಂದ, ಕೋಲು ಸುಟ್ಟ ಜಾಗದಾಗ ಹೋಗಿ ಅಳಕೋತ ಕುಂತ. ಸಂಜೀಕ ನಾನು ಕೈಹಿಡಿದು ಕರಕೊಂಡು ಬಂದೆ.

ನೀನು ಒಂದು ಮಾತು ಫೋನಿನ್ಯಾಗ ಹೇಳಿದ್ರ ಆಗ್ತಿತ್ತಲ್ಲೋ. ಒಂದಾ ಮಾತು.

ನಿಮ್ಮಕ್ಕ,
ಯಶೋಧಾ


ಕ್ರೀಡಾ ಶಿಬಿರ
18 ಆಗಸ್ಟ್ 2024

ಅಪ್ಪಾ,

ನಾಲ್ಕು ಪತ್ರ ಬರೆದು ಹರಿದೆ. ಇದು ಐದನೆಯದು. ನೀನು ಬಯ್ಯಿ, ಆದರೆ ನಿನ್ನ ಕೈಯಲ್ಲೇ ಬರೆದು ಬಯ್ಯಿ.

ಯಾರಿಗೂ ಹೇಳದ ಒಂದು ಮಾತಿದೆ. ಓಟದ ಹಿಂದಿನ ದಿನ ಬೀರನಿಗೆ ನೂರಾ ಎರಡು ಜ್ವರ. ಡಾಕ್ಟರು ತಂಡವನ್ನೆಲ್ಲ ಸಾಲಾಗಿ ನಿಲ್ಲಿಸಿ ಯಾರಿಗಾದರೂ ಹುಷಾರಿಲ್ಲವಾ ಅಂತ ಕೇಳಿದರು. ಬೀರ ಇಲ್ಲ ಅಂದ. ನನ್ನ ಕಡೆ ನೋಡಿದ. ನಾನೂ ನೆಟ್ಟಗೆ ಮುಂದೆ ನೋಡುತ್ತ ನಿಂತೆ. ಹೇಳಿದರೆ ಅವನು ತಂಡದಿಂದ ಹೋಗುತ್ತಿದ್ದ, ನೌಕರಿಯ ಆಸೆ ಹೋಗುತ್ತಿತ್ತು. ಗೆಳೆಯನಿಗೋಸ್ಕರ ಸುಮ್ಮನಿದ್ದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜ ಬರೆಯುತ್ತೇನೆ. ಜ್ವರದಲ್ಲೂ ಬೀರ ತಂಡದೊಳಗೆ ಬರುತ್ತಾನೆ, ಆದರೆ ನನಗಿಂತ ಹಿಂದೆ ಬರುತ್ತಾನೆ ಅನ್ನುವ ಲೆಕ್ಕವೂ ಒಳಗೆಲ್ಲೋ ಇತ್ತು. ನಾಲ್ವರಲ್ಲಿ ಒಬ್ಬ ಅಪ್ಪಾ. ಆ ಒಬ್ಬ ನಾನಾಗಬೇಕಿತ್ತು.

ಆ ತಾಯಿ ನನ್ನ ಕಾಲಿಗೆ ಬೀಳಲು ಬಗ್ಗಿದಳು. ನನ್ನ ಕಾಲಿಗೆ.

ಮೌನೇಶ


ಕರೇಕಣಿವೆ
29 ಸೆಪ್ಟೆಂಬರ್ 2024

ಮಗನೇ,

ಬೀರನ ಸಾವಿನ ಕಾಗದ ಬಂದ ಮೇಲೆ ನಾಲ್ಕು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟು ಅಂದುಕೊಂಡಿರುತ್ತೀಯ. ಸಿಟ್ಟು ಒಂದು ವಾರಕ್ಕೆ ಮುಗಿಯಿತು. ಆಮೇಲಿನದು ನಾಚಿಕೆ.

ನಿನಗೆ ಒಂದು ಸುಳ್ಳು ಬರೆದಿದ್ದೆ. ಪಶ್ಚಾತ್ತಾಪ ಇಲ್ಲ ಅಂತ. ಆ ಹೆಣ್ಣುಮಗಳು ಓಣಿಯ ಬಾಯಲ್ಲಿ ನಿಂತು ನೋಡಿದ ನೋಟ ಹತ್ತು ವರ್ಷ ನನ್ನ ಜೊತೆ ಉಂಡಿತು, ಮಲಗಿತು. ಒಂದು ದಿನ ಸಂಘದ ಸಭೆಗೆ ಹಡಗಲಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಶಾಂತಕುಮಾರಿಯೇ ಎದುರಾದಳು, ಮಲ್ಲಿಗೆ ಮೂಟೆ ಬಸ್ಸಿಗೆ ಹಾಕಿಸುತ್ತ. ಏನೋ ಅಂದಳು. ಕಿವಿ ಮುಟ್ಟಿ ತೋರಿಸಿದೆ. ಆಕೆ ನನ್ನ ಕೈಲಿದ್ದ ಕರಪತ್ರ ಕಸಿದು ಹಿಂಬದಿಗೆ ಬರೆದುಕೊಟ್ಟಳು. "ನಮ್ಮ ಅಣ್ಣಂದಿರಿಬ್ಬರಿಗೂ ಮೋಟಾರ್ ಸೈಕಲ್ ಇತ್ತು. ಎರಡು ದಿನ ನಿನ್ನನ್ನು ಹೊಡೆಯಲಿಕ್ಕೆ ಕಳೆದರು. ನನ್ನ ಹತ್ತಿರ ಬರಲಿಲ್ಲ. ಅವ್ವನ ಮುಖ ತಪ್ಪಿಸಿದ್ದು ನೀನಲ್ಲ." ಆ ಚೀಟಿಯನ್ನು ಯಾರಿಗೂ ತೋರಿಸಿಲ್ಲ. ತೋರಿಸಿದರೆ ಅದು ನನಗೆ ಬೇಕಾಗಿತ್ತು ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು.

ನಿನ್ನ ಪಾಲಾಕ್ಷಪ್ಪನಿಗೂ ಬಾಯಿ ಇತ್ತು. ಸಂಕಟದ ಮಾತನ್ನು ಬೇರೆಯವರ ಬಾಯಲ್ಲಿ ಹೇಳಿಸುವ ಚಾಳಿ ಈ ನೆಲದಲ್ಲಿ ಇನ್ನೂ ಸತ್ತಿಲ್ಲ. ಆದರೆ ನೀನು ಒಯ್ದದ್ದು ಗೌಡನ ಸುದ್ದಿಯಲ್ಲ, ಗೆಳೆಯನದು. ಈ ವ್ಯತ್ಯಾಸ ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

ಕಳೆದ ವಾರ ಜಂಬಮ್ಮನ ಹಟ್ಟಿಗೆ ಹೋಗಿದ್ದೆ. ನಿಮ್ಮವ್ವ ಒಂದು ಸೇರು ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಬುತ್ತಿ ಕಟ್ಟಿಕೊಟ್ಟಳು. ಸುದ್ದಿ ತಂದವನಿಗೆ ಜೋಳ ಕೊಡುತ್ತಾರೆ. ಸಾವಿನ ಮನೆಗೆ ಬುತ್ತಿ ತರುವವನು ನೆಂಟ. ಪಾಲಾಕ್ಷಪ್ಪ ಬಾಗಿಲಿಗೆ ಅಡ್ಡ ನಿಂತ. ನಾನು ಮೌನೇಶನ ಅಪ್ಪ ಅಂದೆ. ಅವನು ಬುತ್ತಿ ನೋಡಿ ಮುಖ ಕಿವಿಚಿದ. ಒಳಗಿಂದ ಜಂಬಮ್ಮ ಬಂದು ಅವನಿಗೆ ಏನೋ ಅಂದಳು. ನನಗೆ ಕೇಳಲಿಲ್ಲ, ತುಟಿ ಮಾತ್ರ ಕಂಡಿತು: "ಇದು ನನ್ನ ಮನಿ." ಕಂಬಳಿ ಹಾಸಿ ಕೂರಿಸಿದಳು. ನಿಮ್ಮವ್ವನ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟು, ಅರ್ಧ ತಾನು ತಿಂದಳು. ಪಾಲಾಕ್ಷಪ್ಪ ಎದ್ದು ಹೋದ.

ಆಮೇಲೆ ಆಕೆ ಮಾತಾಡಲು ಶುರು ಮಾಡಿದಳು. ಕಿವಿ ಕೇಳಲ್ಲ ತಾಯಿ ಅಂತ ಸನ್ನೆ ಮಾಡಿದೆ. ಗೊತ್ತು ಅಂತ ತಲೆಯಾಡಿಸಿ, ನನ್ನ ಕಡೆ ಬೆನ್ನು ಮಾಡಿ, ಗೋಡೆಗೆ ಮುಖ ಕೊಟ್ಟು ಮತ್ತೆ ಮಾತಾಡಿದಳು. ತುಟಿಯೂ ಕಾಣದ ಹಾಗೆ. ಇಡೀ ಮಧ್ಯಾಹ್ನ. ಅವಳ ಹೆಗಲು ಅಲುಗುವುದು ನೋಡುತ್ತ ಕೂತಿದ್ದೆ. ಹಟ್ಟಿಯಲ್ಲಿ ಕೇಳುವ ಕಿವಿ ಎಷ್ಟೋ ಇವೆ, ಅವಳಿಗೆ ಬೇಕಾಗಿದ್ದದ್ದು ಕೇಳದ ಕಿವಿ. ಈ ಕಿವಿ ಹೋದದ್ದಕ್ಕೆ ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ.

ಹೊರಡುವಾಗ ಜಂತಿಗೆ ಸಿಕ್ಕಿಸಿದ್ದ ನಿಮ್ಮ ಬ್ಯಾಟನ್ ತೆಗೆದು ನನ್ನ ಕೈಗಿಟ್ಟಳು. ಎರಡು ಕೈ ಬೀಸಿ ಓಡುವ ಸನ್ನೆ ಮಾಡಿ ಉತ್ತರದ ಕಡೆ ತೋರಿಸಿದಳು. ನಿನಗೆ ಅಂತ. ಕೋಲು ಸುಟ್ಟ ಈ ಕೈಯಲ್ಲೇ ಅದನ್ನು ಹಿಡಿದು ತಂದಿದ್ದೇನೆ, ಬಸ್ಸಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಪಾರ್ಸಲ್ ಮಾಡಿದ್ದೇನೆ. ಬೀರ, ಬೀರನ ತಾಯಿ, ನಾನು, ನೀನು. ನಾಲ್ಕು ಮಂದಿ ಆದೆವು ನೋಡು.

ಜ್ವರದ ಮಾತು. ಸುಮ್ಮನಿದ್ದ ತಪ್ಪು ನಿನ್ನದು. ನಾನು ಅದನ್ನು ಅಳಿಸುವುದಿಲ್ಲ. ಆದರೆ ಜ್ವರ ಬಂದವನು ಮಲಗಲು ಹೆದರುವ ನೌಕರಿ ಕಟ್ಟಿದವರು ಯಾರು? ನಾಲ್ವರನ್ನು ಒಂದು ಕೋಲಿಗೆ ಕಟ್ಟಿ ಓಡಿಸಿ, ಕೊನೆಗೆ ಒಬ್ಬನನ್ನೇ ಇಟ್ಟುಕೊಳ್ಳುತ್ತೇವೆ ಅಂದವರು ನಿಮ್ಮ ಗೆಳೆತನದ ಗಡಿಗೆಗೇ ವಿಷ ಹಾಕಿದ್ದಾರೆ. ಅದನ್ನೂ ಮರೆಯಬೇಡ.

ಜಂಬಮ್ಮನಿಗೆ ನಾನು ಜ್ವರದ ವಿಷಯ ಹೇಳಲಿಲ್ಲ. ಅದು ನಿನ್ನ ಬಾಯಿಂದಲೇ ಹೋಗಬೇಕಾದ ಸುದ್ದಿ. ಅದನ್ನು ಒಯ್ಯಬೇಡ ಅಂತ ನಾನು ಹೇಳಲಾರೆ.

ಜೈಭೀಮ್.
ನಿನ್ನಪ್ಪ,
ಗಾದೆಪ್ಪ


ಕ್ರೀಡಾ ಶಿಬಿರ
24 ನವೆಂಬರ್ 2024

ಅಪ್ಪಾ,

ಪಾರ್ಸಲ್ ಮುಟ್ಟಿತು. ಬ್ಯಾಟನ್ ಮೇಲೆ ಜಂತಿಯ ಮಸಿ ಹತ್ತಿದೆ, ಕುರಿಯ ವಾಸನೆ ಇದೆ. ಒರೆಸಿಲ್ಲ. ಸ್ಪರ್ಧೆಯಲ್ಲಿ ಅವರು ಕೊಟ್ಟ ಕೋಲನ್ನೇ ಹಿಡಿಯಬೇಕು, ಹಾಗಾಗಿ ಇದು ಟ್ರಂಕಿನಲ್ಲಿ, ಬೀರ ಎಂಜಲು ಮಾಡಿದ ನನ್ನ ಲೋಟದ ಪಕ್ಕ ಇದೆ.

ನಿನ್ನೆ ಓಟ ಆಯಿತು. ಬೀರನ ಜಾಗದಲ್ಲಿ ಹೊಸಬ, ಒಳ್ಳೆಯ ಓಟಗಾರ. ಎರಡನೆಯ ಸ್ಥಾನದಲ್ಲಿ ಬರುತ್ತಿದ್ದ. ನಾನು ಗೆರೆಯ ಮೇಲೆ ನಿಂತೆ. ಸಪ್ಪಳ ಬಂತು. ಎರಡೂ ಕಾಲು ಒಂದೇ ಸಮ ಬೀಳುವ ಸಪ್ಪಳ. ಜೋರಾಗಿ ಬೀಳುವ ಬಲಗಾಲಿಗೆ ಕಾಯುತ್ತ ನಿಂತುಬಿಟ್ಟೆ. ಅವನು ಬಂದು ಹೆಸರು ಹಿಡಿದು ಕೂಗಿದ ಮೇಲೆ ತಿರುಗಿ ನೋಡಿದೆ. ಅಷ್ಟರಲ್ಲಿ ಮೂವರು ದಾಟಿ ಹೋದರು. ಐದನೆಯವರಾದೆವು. ಆ ಒಬ್ಬ ನಾನಾಗುವುದಿಲ್ಲ ಅಂತ ನನಗೆ ಗೊತ್ತಾಯಿತು. ಭಾರ ಇಳಿದ ಹಾಗಾಯಿತು ಅಂದರೆ ನಂಬುತ್ತೀಯಾ?

ಡಾಕ್ಟರ ಮುಂದೆ ಹೋಗಿ ಜ್ವರದ ವಿಷಯ ಬರೆದುಕೊಟ್ಟಿದ್ದೇನೆ. ಇನ್ನು ಆ ತಾಯಿಗೆ ಹೇಳಬೇಕು. ಡಿಸೆಂಬರ್ 12ಕ್ಕೆ ರಜೆ. ಮನೆಗೆ ಆಮೇಲೆ ಬರುತ್ತೇನೆ, ಅವ್ವನಿಗೆ ಹೇಳು. ಮೊದಲು ಉಚ್ಚಂಗಿದುರ್ಗದ ಬಸ್ಸು ಹತ್ತುತ್ತೇನೆ. ಆಕೆ ನನ್ನನ್ನು ಒಳಗೆ ಕರೆಯಬಹುದು, ಕಲ್ಲು ಎತ್ತಿಕೊಳ್ಳಬಹುದು. ಎರಡಕ್ಕೂ ನಿಲ್ಲುತ್ತೇನೆ.

ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳುತ್ತೇನೆ. ಆ ಮಣ್ಣಿನ ಹಾದಿಯಲ್ಲಿ ಎರಡೂ ಕೈ ಬಿಟ್ಟುಕೊಂಡು ನಡೆಯುತ್ತೇನೆ ಅಪ್ಪಾ. ಹುಣಸೆಮರದ ಕೆಳಗಿನ ಮುದುಕಿಗೆ, ಕುರಿದೊಡ್ಡಿಯ ಬಾಗಿಲಲ್ಲಿ ನಿಂತ ಆ ತಾಯಿಗೆ, ದೂರದಿಂದಲೇ ನನ್ನ ಬರಿಗೈ ಕಾಣಲಿ.

ನಿನ್ನ ಮಗ,
ಮೌನೇಶ